ಯುದ್ಧಶೇಷ

ಸಾಲದಲ್ಲಿ ಶೇಷವನ್ನುಳಿಸಬಾರದು, ಬೆಂಕಿಯಲ್ಲಿ ಶೇಷವನ್ನುಳಿಸಬಾರದು, ಹಗೆಯಲ್ಲಿ ಶೇಷವನ್ನುಳಿಸಬಾರದು; ಉಳಿಸಿದರೆ ಅವು ಮತ್ತೆ ಮತ್ತೆ ಬೆಳೆಯುವುವು ಎಂಬುದಾಗಿ ನಮ್ಮ ನೀತಿಕಾರರು ಹೇಳಿರುವರು. ಈ ಪಟ್ಟಿಯಲ್ಲಿ ಅವರು ಯುದ್ಧವನ್ನು ಸೇರಿಸಲಿಲ್ಲ. ಯುದ್ಧವೆಂಬುದು ಶೇಷವಿಲ್ಲದೆ ಎಂದಿಗೂ ಮುಗಿಯದೆಂಬುದು ಅವರಿಗೆ ಚೆನ್ನಾಗಿ ತಿಳಿದಿದ್ದುದರಿಂದಲೇ ಆ ಉಪದೇಶವನ್ನು ವ್ಯರ್ಥವೆಂದು ಬಿಟ್ಟರೋ ಏನೋ ಎಂದು ನಮಗೆ ಒಮ್ಮೊಮ್ಮೆ ತೋರುವುದು. ಮೊದಲನೆಯ ಮಹಾಯುದ್ಧವು 1918ನೆಯ ನವೆಂಬರ್ 11ರಂದು ನಿಂತಿತು. ಎರಡನೆಯದು 1945ನೆಯ ಸೆಪ್ಟೆಂಬರ್ 2ರಂದು ಜಪಾನಿನವರು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದಾಗ ಮುಗಿಯಿತೆಂದು ಚರಿತ್ರೆಯ ಪುಸ್ತಕಗಳಲ್ಲಿದೆ. ಮುಗಿದುದು ಕಾಳಗ, ಯುದ್ಧವು ಮುಗಿಯಲಿಲ್ಲ.

“ಮೇಷ್ಟರೇ, ನಮ್ಮ ಚಳ್ಳಕೆರೆ ಮೊಳಕಾಲ್ಮೂರುಗಳಲ್ಲಿ ಬಾಂಬು ಬಿದ್ದಿತೇ, ಫಿರಂಗಿ ಹಾರಿತೇ? ಆ ಯುದ್ಧಕ್ಕೂ ನಮಗೂ ಏನು ಸಂಬಂಧ?” ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಮಳೆಯೇ ಅಪರೂಪವಾದ ಈ ಸೀಮೆಯಲ್ಲಿ, ಬಂಡೆಗುಡ್ಡಗಳ ನಡುವೆ, ಕುರಿಯ ಹಿಂಡನ್ನೂ ಕಡಲೆಕಾಯಿಯ ಹೊಲವನ್ನೂ ನಂಬಿಕೊಂಡು ಬದುಕುವ ಜನಕ್ಕೆ ಫ್ರಾನ್ಸಿನ ಕಂದಕಗಳೂ ಬರ್ಮದ ಕಾಡುಗಳೂ ಎಷ್ಟು ದೂರ! ಆದರೆ ದೂರವನ್ನು ಹರದಾರಿಯಿಂದ ಅಳೆಯುವುದು ಪ್ರಯಾಣಕ್ಕೆ ಮಾತ್ರ ಸಲ್ಲುವ ಲೆಕ್ಕ. ಯುದ್ಧವು ಮನೆಯೊಳಕ್ಕೆ ಬರುವುದಕ್ಕೆ ಬೇರೆ ದಾರಿಗಳುಂಟು.

ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾಗುವುದಕ್ಕೆ ಹಿಂದಿನ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ, “ಮಹಾಯುದ್ಧದ ಕಾಲದ ಪದಾರ್ಥ ಯಾವುದಾದರೂ ನಿಮ್ಮ ಮನೆಗಳಲ್ಲಿದ್ದರೆ ತನ್ನಿರಿ” ಎಂದು ಹೇಳಿದ್ದೆವು. ಒಂದೂ ಬಾರದೆಂದು ಅವರು ನಕ್ಕುಕೊಂಡೇ ಹೋದರು. ಮರುದಿನ ಏಳು ಮಂದಿ ತಂದುದು ಒಂದೇ ಪದಾರ್ಥ: ತೂತು ಕಾಸು. ನಡುವೆ ದೊಡ್ಡ ರಂಧ್ರವುಳ್ಳ ಈ ಕಾಸನ್ನು ಸರ್ಕಾರವು 1943ರಿಂದ 1947ರವರೆಗೆ ಅಚ್ಚುಹಾಕಿಸಿತು. ತಾಮ್ರವೆಲ್ಲ ಮದ್ದುಗುಂಡುಗಳ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ಕಾಸಿನ ಹೊಟ್ಟೆಯನ್ನೇ ಕೊರೆದು ಲೋಹವನ್ನು ಉಳಿಸಿದರು. ನಮ್ಮ ಹೆಂಗಸರು ಅದನ್ನು ಕೂಸುಗಳ ಉಡಿದಾರಕ್ಕೆ ಪೋಣಿಸಿದರು. ಗಾಡಿಯವರು ಮೊಳೆಯ ಕೆಳಗೆ ಬಿಲ್ಲೆಯಾಗಿ ಹಾಕಿದರು. ಯೂರೋಪಿನಲ್ಲಿ ಗುಂಡಾಗಿ ಹಾರಿದ ತಾಮ್ರದ ಖಾಲಿ ಜಾಗವು ಚಳ್ಳಕೆರೆಯ ಕೂಸಿನ ಸೊಂಟದಲ್ಲಿ ತೂಗಾಡುತ್ತಿದ್ದಿತೆಂದು ನಾವು ಹೇಳಿದಾಗ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ರೂಪಾಯಿಯ ಕಥೆಯೂ ಇಂತಹುದೇ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿಯು 1940ರಲ್ಲಿ ಅರ್ಧ ಬೆಳ್ಳಿಗೆ ಇಳಿಯಿತು. 1947ರಲ್ಲಿ ಬೆಳ್ಳಿಯೇ ಹೋಗಿ ನಿಕ್ಕಲಾಯಿತು. ಅದಕ್ಕೂ ಮುಂಚೆ ಮೊದಲನೆಯ ಯುದ್ಧದಲ್ಲಿ ಬೆಳ್ಳಿ ಸಾಲದೆ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ಕಾಗದದ ನೋಟು ಹೊರಟಿತು. ನಮ್ಮ ಅಜ್ಜಿಯು ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ನಾದವನ್ನು ಕೇಳದೆ ಎಂದಿಗೂ ಗಂಟಿಗೆ ಹಾಕುತ್ತಿರಲಿಲ್ಲ. ಅದು ಜಿಪುಣತನವೆಂದು ಹುಡುಗರಾಗಿದ್ದಾಗ ನಾವು ನಗುತ್ತಿದ್ದೆವು. ಎರಡು ಯುದ್ಧಗಳಲ್ಲಿ ನಾಣ್ಯದ ಮಾತು ಸುಳ್ಳಾದುದನ್ನು ಕಂಡ ತಲೆಮಾರು ಅದು.

ಗಡಿಯಾರವನ್ನೂ ಯುದ್ಧವು ಬಿಡಲಿಲ್ಲ. 1942ನೆಯ ಸೆಪ್ಟೆಂಬರ್ 1ರಿಂದ 1945ನೆಯ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಟ್ಟಿದ್ದರು. ಸೂರ್ಯನಿಗೆ ಈ ಆಜ್ಞೆ ಮುಟ್ಟಲಿಲ್ಲ. ನಮ್ಮ ಕುರಿಗಾಹಿಗಳಿಗೂ ಮುಟ್ಟಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಗೃಹಿಣಿಯರಿಗೆ ಹೆಚ್ಚು ಪರಿಚಿತವಾದುದು ಪಡಿತರ ಚೀಟಿ. 1942ರಲ್ಲಿ ಬರ್ಮವು ಜಪಾನಿನವರ ವಶವಾಗಲು ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. ಬಂಗಾಳದಲ್ಲಿ 1943ರಲ್ಲಿ ಬಂದ ಕ್ಷಾಮದಲ್ಲಿ ಸುಮಾರು ಮೂವತ್ತು ಲಕ್ಷ ಜನರು ಸತ್ತರು. ಬೆಳೆ ಕೈಕೊಟ್ಟುದಕ್ಕಿಂತ ಬೆಲೆ ಕೈಮೀರಿದುದೂ, ಯುದ್ಧದ ಹೆಸರಿನಲ್ಲಿ ದೋಣಿಗಳನ್ನೂ ಧಾನ್ಯವನ್ನೂ ಕಸಿದುಕೊಂಡುದೂ ಅದಕ್ಕೆ ಮುಖ್ಯ ಕಾರಣವೆಂದು ಆಮೇಲೆ ವಿಚಾರಮಾಡಿದವರು ತೋರಿಸಿರುವರು. ಆಗ ಊರೂರಿನಲ್ಲಿ ಧಾನ್ಯವನ್ನು ಅಳೆದು ಹಂಚುವ ಏರ್ಪಾಟು ಬಂದಿತು. ಅದರೊಡನೆ ‘ಕಂಟ್ರೋಲು’ ಎಂಬ ಮಾತು ಬಂದಿತು: ಕಂಟ್ರೋಲಕ್ಕಿ, ಕಂಟ್ರೋಲು ಬಟ್ಟೆ, ಕಂಟ್ರೋಲಂಗಡಿ. ಯುದ್ಧಕಾಲದ ಕಟ್ಟಳೆಗಳು 1946ರಲ್ಲಿ ತಾತ್ಕಾಲಿಕ ಶಾಸನವಾಗಿ, 1955ರಲ್ಲಿ ಅವಶ್ಯಕ ವಸ್ತುಗಳ ಶಾಸನವಾಗಿ ಸ್ಥಿರಪಟ್ಟುವು. ಬಡವರ ಒಲೆಯನ್ನು ಇಂದಿಗೂ ಉರಿಸುತ್ತಿರುವ ನ್ಯಾಯಬೆಲೆ ಅಂಗಡಿಯ ಮೂಲವನ್ನು ಹುಡುಕಿಕೊಂಡು ಹೋದರೆ ರಣರಂಗದ ಬಾಗಿಲಿಗೇ ಹೋಗಿ ನಿಲ್ಲಬೇಕಾಗುವುದು. ಯುದ್ಧಶೇಷಗಳೆಲ್ಲವೂ ಕೆಟ್ಟವೇ ಎಂದು ನಾವು ಹೇಳಲಾರೆವು. ಪಿಂಚಣಿಯೊಡನೆ ನಾವು ಪ್ರತಿ ತಿಂಗಳೂ ಎಣಿಸಿಕೊಳ್ಳುವ ತುಟ್ಟಿಭತ್ಯೆಯೂ ಎರಡನೆಯ ಮಹಾಯುದ್ಧದಲ್ಲಿ ಧಾನ್ಯದ ಬೆಲೆ ಏರಿದಾಗ ಸರ್ಕಾರಿ ನೌಕರರಿಗೆ ಕೊಡಲಾರಂಭಿಸಿದ ಅನ್ನದ ಭತ್ಯೆಯ ಮೊಮ್ಮಗುವೇ. ಭತ್ಯೆಯನ್ನು ತೆಗೆದುಕೊಳ್ಳುವವರು ಹಿಟ್ಲರನನ್ನು ನೆನೆಯಬೇಕೆಂದು ಇದರ ಅರ್ಥವಲ್ಲ!

ಮೊಳಕಾಲ್ಮೂರಿಗೆ ಯುದ್ಧವು ರೇಷ್ಮೆಯ ನೂಲನ್ನು ಹಿಡಿದು ಬಂದಿತು. ಯುದ್ಧಕ್ಕೆ ಮುಂಚೆ ಜಪಾನಿನ ಅಗ್ಗದ ರೇಷ್ಮೆಯು ಪೇಟೆಯನ್ನು ತುಂಬಿ ಮೈಸೂರು ಸೀಮೆಯ ಹಿಪ್ಪುನೇರಳೆ ತೋಟದವರನ್ನು ಕಂಗೆಡಿಸಿದ್ದಿತು. 1941ರ ಕೊನೆಯಲ್ಲಿ ಜಪಾನು ಯುದ್ಧಕ್ಕಿಳಿಯಲು ಅದೇ ರೇಷ್ಮೆಯು ನಿಂತಿತು. ವಿಮಾನದಿಂದ ಧುಮುಕುವ ಸೈನಿಕರ ಪ್ಯಾರಾಷೂಟಿಗೆ ಬೇಕಾದ ರೇಷ್ಮೆಗಾಗಿ ಮೈಸೂರನ್ನೂ ಕಾಶ್ಮೀರವನ್ನೂ ಕೈನೀಡಿ ಕೇಳಬೇಕಾಯಿತು. ಸಂಸ್ಥಾನದಲ್ಲಿ ನೂಲು ತೆಗೆಯುವ ಕಾರ್ಖಾನೆಗಳೆದ್ದುವು. ಗೂಡು ಬೆಳೆದವನ ಕೈಯಲ್ಲಿ ಹಣವಾಡಿತು. ಆದರೆ ಒಬ್ಬನ ಬೆಲೆ ಇನ್ನೊಬ್ಬನ ಹೊರೆ. ಗೂಡಿನ ಧಾರಣೆಯು ಏರಿದರೆ ಗುಣಿಯ ಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನಿಗೆ ನೂಲು ಕೈಗೆಟುಕದು. ಯುದ್ಧವು ಮುಗಿಯಿತು, ನೈಲಾನೆಂಬ ಹೊಸ ನೂಲು ಆಗಲೇ ಬಂದಿದ್ದಿತು, ಪ್ಯಾರಾಷೂಟಿನ ಗಿರಾಕಿ ಮಾಯವಾಗಿ ಬೆಲೆಯು ಕುಸಿಯಿತು. ಏರುವಾಗ ನೇಕಾರನನ್ನು ಕೇಳದ ಬೆಲೆಯು ಇಳಿಯುವಾಗ ಬೆಳೆಗಾರನನ್ನು ಕೇಳಲಿಲ್ಲ. ಇಂತಹ ಏರಿಳಿತಗಳಿಂದ ಈ ಕಸುಬನ್ನು ಕಾಪಾಡಬೇಕೆಂದು 1948ರ ಶಾಸನದಂತೆ ಕೇಂದ್ರ ರೇಷ್ಮೆ ಮಂಡಲಿಯು 1949ರಲ್ಲಿ ಸ್ಥಾಪಿತವಾಯಿತು. ಮೊಳಕಾಲ್ಮೂರಿನ ಸೀರೆಗೆ ಇಂದು ಭೌಗೋಳಿಕ ಗುರುತಿನ ಮುದ್ರೆಯುಂಟು. ಮದುವೆಯಲ್ಲಿ ಅದನ್ನುಟ್ಟು ಓಡಾಡುವ ವಧುವಿಗೆ, ಒಂದು ಕಾಲದಲ್ಲಿ ಇದೇ ಮೈಸೂರು ರೇಷ್ಮೆಗೆ ಆಕಾಶದಿಂದ ಸಿಪಾಯಿಗಳನ್ನು ಇಳಿಸುವ ಕೆಲಸವಿದ್ದಿತೆಂದು ಯಾರೂ ಹೇಳುವುದಿಲ್ಲ. ಹೇಳಬೇಕಾದ ಸಮಯವೂ ಅದಲ್ಲ.

ಚಳ್ಳಕೆರೆಯ ನೆಲವು ಯುದ್ಧದೊಡನೆ ಬೆಳೆಸಿದ ನಂಟು ಇನ್ನೂ ಹಳೆಯದು. ಇಲ್ಲಿನ ಹುಲ್ಲುಗಾವಲುಗಳಿಗೆ ಅಮೃತಮಹಲ್ ಕಾವಲುಗಳೆಂದು ಹೆಸರು. ಹೆಸರನ್ನು ಕೇಳಿದರೆ ಹಾಲು ಬೆಣ್ಣೆಗಳ ನೆನಪಾಗುವುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಇಲಾಖೆಗೆ ಬೆಣ್ಣೆ ಚಾವಡಿಯೆಂದೇ ಹೆಸರಿದ್ದಿತು. ಹೈದರನು ಈ ತಳಿಯ ಎತ್ತುಗಳನ್ನು ಫಿರಂಗಿಗಳಿಗೆ ಹೂಡಿದನು. ಅಮೃತಮಹಲೆಂದು ಹೆಸರಿಟ್ಟವನು ಟಿಪ್ಪು. 1799ರ ತರುವಾಯ ಅವು ಇಂಗ್ಲಿಷರ ಕೈಸೇರಿದುವು. ಮುಂದೆ ವೆಲಿಂಗ್ಟನ್ ಪ್ರಭುವೆಂದು ಹೆಸರಾದ ಸೇನಾನಿಯು ಸ್ಪೇಯಿನ್ ದೇಶದಲ್ಲಿ ಕಾದುತ್ತಿರುವಾಗ ಮೈಸೂರಿನ ಎತ್ತುಗಳಿಲ್ಲವಲ್ಲಾ ಎಂದು ಹಲುಬಿದನೆಂದು ಪ್ರಸಿದ್ಧಿ. ನಮ್ಮ ಕಾಲದಲ್ಲಿ, 2009ರಿಂದೀಚೆಗಿನ ಕೆಲವು ವರ್ಷಗಳಲ್ಲಿ, ಚಳ್ಳಕೆರೆ ತಾಲ್ಲೂಕಿನ ಕಾವಲುಗಳಿಂದ ಸುಮಾರು ಹತ್ತು ಸಾವಿರ ಎಕರೆಗಳು ರಕ್ಷಣಾ ಸಂಶೋಧನೆ, ಅಣುಶಕ್ತಿ, ವ್ಯೋಮಯಾನ ಮೊದಲಾದ ಸಂಸ್ಥೆಗಳಿಗೆ ಹೋದುವು. ಚಾಲಕರಿಲ್ಲದ ವಿಮಾನಗಳನ್ನು ಪರೀಕ್ಷಿಸುವ ವಿಶಾಲವಾದ ಅಂಗಳವು 2017ನೆಯ ಮೇ ತಿಂಗಳಲ್ಲಿ ಅಲ್ಲಿ ಪ್ರಾರಂಭವಾಯಿತು. ಆಕಾಶದಿಂದ ಮರಳಿ ಬಂದಿಳಿಯತಕ್ಕ ವಾಹನವನ್ನು 2023ನೆಯ ಏಪ್ರಿಲ್ 2ರಂದು ಅಲ್ಲಿಯೇ ಮೊದಲು ಇಳಿಸಿ ನೋಡಿದರು. ಈ ವಿದ್ಯೆಯ ವಂಶವೃಕ್ಷವನ್ನು ಬರೆದರೆ ಅದೂ ಯುದ್ಧದಲ್ಲಿಯೇ ಬೇರುಬಿಟ್ಟಿರುವುದು. 1940ನೆಯ ಡಿಸೆಂಬರಿನಲ್ಲಿ ವಾಲ್‌ಚಂದ್ ಹಿರಾಚಂದರು ಮೈಸೂರು ಸರ್ಕಾರದೊಡನೆ ಬೆಂಗಳೂರಿನಲ್ಲಿ ತೆರೆದ ವಿಮಾನದ ಕಾರ್ಖಾನೆಯು ಯುದ್ಧದ ನಡುವೆ ಅಮೆರಿಕದ ಸೈನ್ಯದ ವಿಮಾನಗಳ ದುರಸ್ತಿಮನೆಯಾಯಿತು. ಬೆಂಗಳೂರು ವಿಮಾನದ ಊರಾದುದು ಆಗಿನಿಂದ. ಬೇಲಿಯ ಹೊರಗೆ ನಿಂತ ಕುರುಬರೂ ದನಗಾಹಿಗಳೂ ಮೇವಿಗಾಗಿ ನ್ಯಾಯಮಂಡಲಿಯವರೆಗೆ ಹೋಗಿ ಬಂದರು. ದೇಶಕ್ಕೆ ವಿಮಾನ ಬೇಕು, ಸಂದೇಹವಿಲ್ಲ. ಆದರೂ ಎರಡು ಶತಮಾನಗಳ ಹಿಂದೆ ಯುದ್ಧದ ಎತ್ತಿಗಾಗಿ ಮೀಸಲಾದ ಹುಲ್ಲು ಇಂದು ಯುದ್ಧದ ಯಂತ್ರಕ್ಕಾಗಿ ಎತ್ತಿನ ಬಾಯಿಂದ ತಪ್ಪಿದುದನ್ನು ಕಂಡಾಗ, ಬೇಲಿಯ ಹೊರಗಿನವರ ಪಕ್ಷದಲ್ಲಿ ಎರಡು ಮಾತು ಹೆಚ್ಚಾಗಿ ಆಡಬೇಕೆಂದು ನಮಗೆ ತೋರುವುದು.

ಇದುವರೆಗೆ ಹೇಳಿದುದು ನಾವು ಅರಿಯದೆ ಹೊತ್ತಿರುವ ನೆನಪುಗಳನ್ನು. ಅರಿತು ನೆನೆಯುವ ರೀತಿಯೊಂದುಂಟು. ಅದಕ್ಕೆ ಕಲ್ಲು ಬೇಕು. ಕನ್ನಡನಾಡಿನವರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರ ಮುಂದಿನ ವೀರಗಲ್ಲನ್ನು ನೋಡಿರಿ. ಕೆಳಗಿನ ಅಂತಸ್ತಿನಲ್ಲಿ ಹೋರಾಟ. ನಡುವೆ ದೇವಸ್ತ್ರೀಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವರು. ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವನು. ಅವನು ಚಕ್ರವರ್ತಿಯಲ್ಲ, ಬಹುಮಟ್ಟಿಗೆ ಊರಿನ ದನಗಳನ್ನು ಬಿಡಿಸಿಕೊಳ್ಳಹೋಗಿ ಸತ್ತ ಸಾಮಾನ್ಯನು. ಅಕ್ಷರವಿರುವ ಕಲ್ಲುಗಳಲ್ಲಿ ಅವನ ಹೆಸರು, ತಂದೆಯ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಎಲ್ಲವೂ ಉಂಟು. ಅಕ್ಷರವಿಲ್ಲದವರು ಹಾಡಿನಲ್ಲಿ ಹೆಸರನ್ನುಳಿಸಿದರು. ನಮ್ಮ ಸೀಮೆಯ ಮ್ಯಾಸಬೇಡರು ಗಾದರಿ ಪಾಲನಾಯಕನ ಕಥೆಯನ್ನು ಹಾಡುತ್ತ ಬಂದುದು ಹೀಗೆಯೇ.

ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇದಕ್ಕಿಂತ ಬಹು ಹಳೆಯ ಕಲ್ಲುಗಳಿರುವುವು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರೆಡೆಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೇಳಿ ಬರೆಯಿಸಿದ ಆ ಶಾಸನದಲ್ಲಿ ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಬೇಕು, ಸತ್ಯವನ್ನಾಡಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದಿರುವುದು. (ಕೊನೆಯ ವಿಧಿಯನ್ನು ನಾವು ತರಗತಿಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಓದುತ್ತಿದ್ದೆವು.) ಕಳಿಂಗಯುದ್ಧದ ಹೆಸರು ಅಲ್ಲಿಲ್ಲ. ಅದಿರುವುದು ಹದಿಮೂರನೆಯ ಬಂಡೆಶಾಸನದಲ್ಲಿ: ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದರು, ಅದರಿಂದ ದೇವಾನಾಂಪ್ರಿಯನಿಗೆ ಪಶ್ಚಾತ್ತಾಪವಾಯಿತು ಎಂದು. ಆ ಶಾಸನವು ಗಿರ್ನಾರಿನಲ್ಲಿದೆ, ವಾಯವ್ಯದ ಗಡಿಯಲ್ಲಿದೆ, ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇದೆ. ಇಲ್ಲದಿರುವುದು ಕಳಿಂಗದಲ್ಲಿ! ಧೌಳಿ ಮತ್ತು ಜೌಗಡದ ಬಂಡೆಗಳಲ್ಲಿ ಅದನ್ನು ಬಿಟ್ಟು, ಅದರ ಬದಲು ಪ್ರಜೆಗಳೆಲ್ಲ ತನ್ನ ಮಕ್ಕಳೆಂಬ ಬೇರೆ ಶಾಸನಗಳನ್ನು ಬರೆಯಿಸಿದನು. ನೊಂದವರ ಮುಂದೆ ಅವರ ನೋವಿನ ಲೆಕ್ಕವನ್ನು ಓದಬಾರದೆಂಬ ಮರ್ಯಾದೆಯೋ, ಹುಣ್ಣನ್ನು ಕೆದಕಬಾರದೆಂಬ ರಾಜನೀತಿಯೋ, ಬಲ್ಲವರು ವಾದಿಸುತ್ತಿರುವರು. ಗೆದ್ದವನು ದೂರದವರ ಮುಂದೆ ಅಳುವುದು ಸುಲಭವೆಂದು ನಮಗೆ ತೋರುವುದು. ಈ ದೋಷವು ಅಶೋಕನೊಡನೆ ಮುಗಿಯಲಿಲ್ಲ.

ಬ್ರಹ್ಮಗಿರಿಯನ್ನು 1940ರ ಸುಮಾರಿಗೆ ಮೈಸೂರಿನ ಪ್ರಾಕ್ತನ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅಗೆಯಿಸಿದರು. 1947ರಲ್ಲಿ ಮತ್ತೆ ಅಗೆಯಿಸಿದವರು ಮಾರ್ಟಿಮರ್ ವೀಲರ್. ಈತನು ಪಂಡಿತನಷ್ಟೇ ಅಲ್ಲ, ಸಿಪಾಯಿ. ಮೊದಲನೆಯ ಯುದ್ಧದಲ್ಲಿ ಬೆಲ್ಜಿಯಮಿನ ಕೆಸರಿನಲ್ಲಿಯೂ, ಎರಡನೆಯದರಲ್ಲಿ ಆಫ್ರಿಕದ ಮರಳಿನಲ್ಲಿಯೂ ಇಟಲಿಯ ತೀರದಲ್ಲಿಯೂ ಕಾದಿ, 1944ರಲ್ಲಿ ಹಿಂದೂದೇಶದ ಪ್ರಾಕ್ತನ ಇಲಾಖೆಯ ಮುಖ್ಯಾಧಿಕಾರಿಯಾಗಿ ಬಂದವನು. ಎರಡು ಮಹಾಯುದ್ಧಗಳನ್ನು ಕಂಡ ಆ ಕಣ್ಣುಗಳ ಮುಂದೆ ನಮ್ಮ ಬೆಟ್ಟದ ಬುಡದಲ್ಲಿ ತೆರೆದುಕೊಂಡುದು ದೊಡ್ಡ ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಗೋರಿಗಳು. ಒಂದು ಚಪ್ಪಡಿಯಲ್ಲಿ ದುಂಡಗಿನ ಕಂಡಿ. ಒಳಗೆ ಅಸ್ಥಿ, ಮಡಕೆ, ಕಬ್ಬಿಣದ ಆಯುಧ. ಹೆಸರಿಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಬಡ ಜನರು ಸತ್ತವರಿಗಾಗಿ ಅಷ್ಟು ಭಾರವಾದ ಕಲ್ಲುಗಳನ್ನು ಹೊತ್ತರು!

ಮಹಾಯುದ್ಧಗಳಲ್ಲಿ ಹೋದ ನಮ್ಮವರಿಗೆ ಕಲ್ಲುಗಳಿಲ್ಲವೇ ಎಂದರೆ, ಇರುವುವು. ಮೊದಲನೆಯ ಯುದ್ಧಕ್ಕೆ ಮೈಸೂರು ಮಹಾರಾಜರು ಐವತ್ತು ಲಕ್ಷ ರೂಪಾಯಿಗಳನ್ನು ಕೊಟ್ಟರು. ಮೈಸೂರಿನ ಅಶ್ವಸೇನೆಯು ಈಜಿಪ್ತಿಗೆ ಹೋಗಿ, 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಹಿಡಿಯಿತು. ಎದುರಿಗೆ ಫಿರಂಗಿ, ಮೆಷಿನ್‌ಗನ್ನು. ಇವರ ಕೈಯಲ್ಲಿದ್ದುದು ಭರ್ಜಿ. ಅದರ ನೆನಪಿಗೆ ದೆಹಲಿಯಲ್ಲಿ 1922ರಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. 1931ರಲ್ಲಿ ಮುಗಿದ ಇಂಡಿಯಾ ಗೇಟಿನಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕ ಹೆಸರುಗಳಿರುವುವು. ಮೊದಲನೆಯ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರಾದರೋ ಸುಮಾರು ಎಪ್ಪತ್ತನಾಲ್ಕು ಸಾವಿರ. ಎರಡನೆಯದರಲ್ಲಿ ಎಂಬತ್ತೇಳು ಸಾವಿರ. ಹಲವು ಪ್ರಾಂತಗಳ ಹಳ್ಳಿಗಳಲ್ಲಿ ಸರ್ಕಾರವು ಚಿಕ್ಕ ಕಲ್ಲುಗಳನ್ನು ಹಾಕಿಸಿತು: ಈ ಹಳ್ಳಿಯಿಂದ ಇಷ್ಟು ಮಂದಿ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ತೀರಿಕೊಂಡರು ಎಂದು. ಹೆಸರಿಲ್ಲ; ಬರಿಯ ಅಂಕಿ. ಹಳ್ಳಿಯವನು ಕೆತ್ತಿಸಿದ ವೀರಗಲ್ಲಿನಲ್ಲಿ ಹೆಸರಿದ್ದಿತು. ಸಾಮ್ರಾಜ್ಯವು ಕೆತ್ತಿಸಿದ ಕಲ್ಲಿನಲ್ಲಿ ಲೆಕ್ಕವಿದ್ದಿತು.

ಇದಕ್ಕಿಂತ ಸಂಕಟಕರವಾದುದು ಇರಾಕಿನ ಬಸ್ರಾದಲ್ಲಿರುವ ಸ್ಮಾರಕ. ಮೆಸೊಪೊಟೇಮಿಯದಲ್ಲಿ ಸತ್ತು ಗೋರಿಯೂ ಇಲ್ಲದೆ ಹೋದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗಾಗಿ ಅದನ್ನು ಕಟ್ಟಿದರು. ಬಿಳಿಯ ಸಿಪಾಯಿಗಳಿಗೆಲ್ಲ ಅಲ್ಲಿ ಹೆಸರುಂಟು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಮಿಕ್ಕ ಸಿಪಾಯಿಗಳದು ದಳದ ಕೆಳಗೆ ಒಂದು ಸಂಖ್ಯೆ. ಸದ್ದಾಂ ಹುಸೇನನು 1997ರಲ್ಲಿ ಆ ಸ್ಮಾರಕವನ್ನೇ ಕೀಳಿಸಿ ಮೂವತ್ತು ಕಿಲೋಮೀಟರು ದೂರದ ಮರುಭೂಮಿಯಲ್ಲಿ ನಿಲ್ಲಿಸಿದನು. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಆಯೋಗವು 2021ರಲ್ಲಿ ತನ್ನ ಹಳೆಯ ಕಾಗದಗಳನ್ನು ತಾನೇ ಶೋಧಿಸಿ, ಭಾರತ, ಆಫ್ರಿಕ, ಈಜಿಪ್ತುಗಳ ಲಕ್ಷಕ್ಕೂ ಮಿಕ್ಕ ಮಂದಿಯನ್ನು ಹೆಸರು ಹಿಡಿದು ನೆನೆಯಲಿಲ್ಲ, ಕೆಲವರನ್ನು ನೆನೆಯಲೇ ಇಲ್ಲ ಎಂದು ಒಪ್ಪಿ ಕ್ಷಮೆಯನ್ನು ಕೇಳಿತು. ತಡವಾಯಿತು, ಆದರೂ ಕೇಳಿದುದು ಒಳ್ಳೆಯದು.

ಕಲ್ಲೂ ಇಲ್ಲ, ಸಂಖ್ಯೆಯೂ ಇಲ್ಲ ಎಂಬ ಸ್ಥಿತಿಯು 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತವರದು. ಯುದ್ಧದ ಹಡಗುಗಳೊಡನೆ ಆ ಜೂನ್ ತಿಂಗಳಲ್ಲಿ ಬೊಂಬಾಯಿಯಲ್ಲಿ ಇಳಿದ ಜ್ವರವು ದಸರೆಯ ಹೊತ್ತಿಗೆ ಮೈಸೂರು ಸೀಮೆಯನ್ನೆಲ್ಲ ಹೊಕ್ಕಿದ್ದಿತು. ಸಂಸ್ಥಾನದಲ್ಲಿ ಲಕ್ಷಕ್ಕೂ ಮೀರಿ, ದೇಶದಲ್ಲಿ ಕೋಟಿಗೂ ಮೀರಿ ಜನರು ಹೋದರು. ರಣರಂಗದಲ್ಲಿ ಸತ್ತ ಒಬ್ಬ ಭಾರತೀಯನಿಗೆ ಮನೆಯಲ್ಲಿ ಸತ್ತವರು ನೂರಕ್ಕೂ ಹೆಚ್ಚು. ಇವರ ನೆನಪಿಗೆ ಕಟ್ಟಿದ ಒಂದು ಅರವಟ್ಟಿಗೆಯನ್ನೂ ನಾವು ಈ ಸೀಮೆಯಲ್ಲಿ ಕಂಡಿಲ್ಲ.

ಭಾರತಯುದ್ಧವು ಮುಗಿದ ಮೇಲೆ ಧೃತರಾಷ್ಟ್ರನು ಯುಧಿಷ್ಠಿರನನ್ನು, ಸತ್ತವರೆಷ್ಟು ಎಂದು ಕೇಳುವ ಪ್ರಸಂಗವು ಸ್ತ್ರೀಪರ್ವದಲ್ಲಿ ಬರುವುದು. ನೂರರವತ್ತಾರು ಕೋಟಿ ಇಪ್ಪತ್ತು ಸಾವಿರವೆಂದು ಯುಧಿಷ್ಠಿರನ ಉತ್ತರ. ಹದಿನೆಂಟು ಅಕ್ಷೌಹಿಣಿಗೆ ಈ ಲೆಕ್ಕವು ಹೊಂದುವುದಿಲ್ಲವೆಂದು ಗಣಿತದ ಮೇಷ್ಟರು ಆಕ್ಷೇಪಿಸುವರು; ಇರಲಿ. ಅದರ ಮುಂದಿನ ಮಾತು ನಮಗೆ ಮುಖ್ಯ. ಗುರುತು ಸಿಕ್ಕದ ವೀರರು ಇನ್ನೂ 24,165 ಮಂದಿ ಎಂದು ಅವನು ಬಿಡಿಯಾಗಿ ಹೇಳುವನು. ಆ ದೊಡ್ಡ ಅಂಕಿಯ ಪಕ್ಕದಲ್ಲಿ ಈ ಚಿಕ್ಕ ಅಂಕಿಯನ್ನು ಕೊನೆಯ ಐದರವರೆಗೂ ಎಣಿಸಿದ ಕವಿಯ ಹೃದಯವನ್ನು ನೋಡಿರಿ. ಬಳಿಕ ಧೃತರಾಷ್ಟ್ರನು, ಬಂಧುಗಳಿಲ್ಲದವರಿಗೆ ಸಂಸ್ಕಾರ ಮಾಡುವವರಾರು ಎಂದು ಕೇಳುವನು. ಯುಧಿಷ್ಠಿರನು ವಿದುರ, ಧೌಮ್ಯ, ಸಂಜಯ ಮೊದಲಾದವರಿಗೆ ಆಜ್ಞೆಮಾಡಿ, ನಾನಾ ದೇಶಗಳಿಂದ ಬಂದು ಅನಾಥರಾಗಿ ಬಿದ್ದವರನ್ನೂ ವಿಧಿಪೂರ್ವಕವಾಗಿ ದಹನ ಮಾಡಿಸುವನು. ಅವರಲ್ಲಿ ಶತ್ರುಪಕ್ಷದವರೂ ಇದ್ದರು. ಗಂಗೆಯಲ್ಲಿ ಎಲ್ಲರಿಗೂ ನೀರು ಬಿಡುವಾಗ ಕುಂತಿಯು, ಕರ್ಣನಿಗೂ ಬಿಡಿರಿ, ಅವನು ನಿಮ್ಮ ಅಣ್ಣ ಎನ್ನುವಳು. ಒಂದು ಹೆಸರನ್ನು ಬಚ್ಚಿಟ್ಟುದರ ಫಲವು ಎಷ್ಟೆಂಬುದು ಆ ಘಳಿಗೆಯಲ್ಲಿ ತಿಳಿಯುವುದು.

ಈ ಎಚ್ಚರವು ನಮ್ಮ ಮನೆಗಳ ಆಚಾರದಲ್ಲಿಯೂ ಉಳಿದಿದ್ದಿತು. ಪಿತೃಪಕ್ಷದಲ್ಲಿ ಚತುರ್ದಶಿಯು ಶಸ್ತ್ರದಿಂದ ಸತ್ತವರಿಗೆ ಮೀಸಲು, ಅದನ್ನು ಘಾತಚತುರ್ದಶಿಯೆನ್ನುವರು. ಮಕ್ಕಳಿಲ್ಲದ ಭೀಷ್ಮನಿಗೆ ಮಾಘ ಶುದ್ಧ ಅಷ್ಟಮಿಯಂದು ಯಾರು ಬೇಕಾದರೂ ತರ್ಪಣ ಕೊಡಬಹುದು. ತಾಯಿ ತಂದೆ ಬಂಧುಗಳಾರೂ ಇಲ್ಲದವರಿಗೂ ನೀರೆರೆಯುವ ಮಂತ್ರವೊಂದು ತರ್ಪಣದಲ್ಲಿರುವುದು. ಹೊರಗಿನ ದೇಶಗಳವರು ನವೆಂಬರ್ 11ರಂದು ಎರಡು ನಿಮಿಷ ಮೌನವಾಗಿ ನಿಲ್ಲುವುದನ್ನೂ, ಹಿರೋಷಿಮಾದವರು ಆಗಸ್ಟ್ 6ರಂದು ಗಂಟೆ ಬಾರಿಸುವುದನ್ನೂ ನಾವು ಗೌರವದಿಂದ ಕೇಳುವೆವು. ನಮ್ಮಲ್ಲಿದ್ದುದನ್ನು ಮಹಾಯುದ್ಧದವರಿಗೆ ಸಲ್ಲಿಸಬೇಕೆಂದು ನಮಗೇಕೆ ಹೊಳೆಯಲಿಲ್ಲ? ಅದು ನಮ್ಮ ಯುದ್ಧವಲ್ಲ, ಪರರ ಸಂಬಳದ ಯುದ್ಧ ಎಂದು ಕೆಲವರು ಹೇಳುವರು. ಕಾಳಗವು ಪರರದಾಗಿರಬಹುದು, ಹೋದ ಮಗನು ಪರರವನಲ್ಲ.

ಕೆಲವು ವರ್ಷಗಳ ಹಿಂದೆ ಪರಶುರಾಂಪುರದ ಕಡೆಯ ಒಂದು ಹಳ್ಳಿಯಲ್ಲಿ, ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ಮನೆಗೆ ಕರೆದೊಯ್ದು ದೇವರ ಪೆಟ್ಟಿಗೆಯಿಂದ ಒಂದು ಬಿಲ್ಲೆಯನ್ನು ತೆಗೆದು ತೋರಿಸಿದನು. ಕುಂಕುಮವು ಅಂಗುಲದಷ್ಟು ಮೆತ್ತಿದ್ದಿತು. ಮೈಲಾರಲಿಂಗನೆಂದು ಮೂರು ತಲೆಮಾರಿನಿಂದ ಪೂಜೆ. ಕುದುರೆಯ ಮೇಲೆ ಕುಳಿತ ಪುರುಷನೇನೋ ಇದ್ದನು. ತೊಳೆದು ತಿರುಗಿಸಿದರೆ ಹಿಂದುಗಡೆ ಐದನೆಯ ಜಾರ್ಜ್ ದೊರೆ. ಕುದುರೆಯ ಬಳಿ 1914, 1918 ಎಂಬ ಅಂಕಿಗಳು. ಕಂಚಿನದು. ಸಿಪಾಯಿಗಳಿಗೆ ಬೆಳ್ಳಿಯದನ್ನೂ, ಕೂಲಿಪಡೆಯವರಿಗೆ ಕಂಚಿನದನ್ನೂ ಕೊಟ್ಟರು. ಬೆಳ್ಳಿಯದಾಗಿದ್ದರೆ ಯಾವುದೋ ಬರದ ವರ್ಷದಲ್ಲಿ ಅಕ್ಕಸಾಲಿಗನ ಕುಲುಮೆಗೆ ಹೋಗುತ್ತಿದ್ದಿತು; ಕಂಚಾದುದರಿಂದ ದೇವರಾಗಿ ಉಳಿಯಿತು.

ಆ ಮನೆಯವರಿಗೆ ತಿಳಿದಿದ್ದುದು ಇಷ್ಟೇ: ಹಿರಿಯರಲ್ಲಿ ಒಬ್ಬ ‘ಬಸ್ರದಜ್ಜ’ ಇದ್ದನು, ಮದುವೆಗೆ ಮುಂಚೆಯೇ ಎಲ್ಲಿಗೋ ಕೂಲಿಗೆ ಹೋದವನು ಬರಲಿಲ್ಲ. ಬಸ್ರಾ ಎಂಬುದು ಊರಿನ ಹೆಸರೆಂಬುದೂ ಅವರಿಗೆ ಗೊತ್ತಿರಲಿಲ್ಲ; ಅವನ ಅಡ್ಡಹೆಸರೆಂದೇ ತಿಳಿದಿದ್ದರು. ಆ ಕಾಲದ ಪದಕಗಳ ಅಂಚಿನಲ್ಲಿ ಪಡೆದವನ ಹೆಸರನ್ನು ಒತ್ತಿರುವರೆಂದು ನಾವು ಓದಿದ್ದೆವು. ಬಿಸಿಲಿಗೆ ಬಂದು ಭೂತಗನ್ನಡಿಯನ್ನು ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿದೆವು. ಮೊದಲು ಒಂದು ಸಂಖ್ಯೆ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು, ಕೊನೆಗೆ ಪಡೆಯ ಸಂಕೇತ. ಮನೆಯ ಮುದುಕಿಯು ನಮ್ಮ ಮೊಣಕೈಯನ್ನೇ ಹಿಡಿದುಕೊಂಡು, “ಮೇಷ್ಟ್ರೇ, ಅವನ ಹೆಸರು ಬರೆದೈತಾ?” ಎಂದಳು.

ಬರೆದಿದ್ದಿತು. ಆದರೆ ಯಾವನೋ ಗುಮಾಸ್ತನು ತನ್ನ ಕಿವಿಗೆ ಕೇಳಿದಂತೆ ಬರೆದ ಆ ಅಕ್ಷರಗಳಿಂದ ನಮ್ಮ ಕಡೆಯ ಎರಡು ಹೆಸರುಗಳನ್ನು ಓದಬಹುದಾಗಿದ್ದಿತು. ಸವೆದ ಒಂದು ಅಕ್ಷರವು ಯಾವುದೆಂದು ನಿಶ್ಚಯಿಸಲಾಗಲಿಲ್ಲ. ಎರಡೂ ಅವರ ವಂಶದಲ್ಲಿ ನಡೆದು ಬಂದ ಹೆಸರುಗಳೇ. ನಾವು ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ಬಂದೆವು.

ಆ ವರ್ಷ ಹಿರಿಯರ ಹಬ್ಬದ ದಿನ ಹೊಸದಾಗಿ ಒಂದು ಎಡೆಯನ್ನು ಹೆಚ್ಚಾಗಿ ಇಟ್ಟರೆಂದು ಶಿಷ್ಯನು ಆಮೇಲೆ ಬಂದು ಹೇಳಿದನು. ಬಿಲ್ಲೆಯು ಈಗಲೂ ದೇವರ ಪೆಟ್ಟಿಗೆಯಲ್ಲಿಯೇ ಇದೆ. ಎಡೆಯ ಮುಂದೆ ಹೆಸರು ಹೇಳಿ ಕರೆಯಬೇಕಾಗಿ ಬಂದಾಗ ಮುದುಕಿಯು ಎರಡು ಹೆಸರುಗಳನ್ನೂ ಒಂದರ ಹಿಂದೊಂದು ಕರೆದು, ಯಾವುದು ನಿನ್ನದೋ ಅದಕ್ಕೆ ಓಗೊಟ್ಟು ಉಣ್ಣು ಎಂದಳಂತೆ.